ಕಡತ ಓದಿ ಮಂಡಿ ಸಾಹುಕಾರರ ಬದುಕು ಬರೆದದ್ದು: ನನ್ನ ಅನುಭವ

ಗುಬ್ಬಿಯಲ್ಲಿ ಸಗಟು ಕಿರಾಣಿ ಮಂಡಿ ಇಟ್ಟಿದ್ದ ನಮ್ಮ ಮುತ್ತಾತನ ತಂದೆಯ ಕಡತಗಳು, ಅಂದರೆ ಹುಣಸೆಬೀಜದ ಅಂಟು, ಇದ್ದಿಲು ಬಳಿದು ಮಡಿಚಿದ ಬಟ್ಟೆಯ ಮೇಲೆ ಬಳಪದಿಂದ ಬರೆದ ಲೆಕ್ಕದ ಪುಸ್ತಕಗಳು, ಅಟ್ಟದ ಮೇಲಿದ್ದವು. ಬಳಪದ ಬರಹ ಅಳಿಸಿಹೋಗಿದೆ, ಇದರಿಂದ ಒಂದು ಬದುಕನ್ನು ಬರೆಯಲಾಗದು ಎಂದು ಮನೆಯವರೂ ಹಸ್ತಪ್ರತಿ ಬಲ್ಲ ಹಿರಿಯರಿಬ್ಬರೂ ಹೇಳಿದ್ದರು. ನಾಲ್ಕು ತಿಂಗಳಲ್ಲಿ ಸುಮಾರು 60 ಮಡಿಕೆಗಳನ್ನು ಓದಿ ಮುಗಿಸಿದ್ದೇನೆ. ಅಷ್ಟನ್ನು ಒಬ್ಬನೇ ಓದಿದವರು ನನಗೆ ತಿಳಿದಂತೆ ನಮ್ಮ ಸೀಮೆಯಲ್ಲಿ ಇಲ್ಲ.

ಮೊದಲು ಅಂಗಡಿಯೊಂದರಲ್ಲಿ ಸ್ಕ್ಯಾನ್ ಮಾಡಿಸಿ ಮೂರು ಸಾವಿರದಷ್ಟು ಕಳೆದುಕೊಂಡೆ. ಬಂದದ್ದು ಬರೀ ಕಪ್ಪು. ಆಮೇಲೆ ಯಾರದೋ ಮಾತು ಕೇಳಿ ಎಣ್ಣೆ ಸವರಿದಾಗ ಹುಣಸೆಬೀಜದ ಅಂಟೂ ಇದ್ದಿಲೂ ಎದ್ದು ಒಂದು ಮಡಿಕೆ ಹಾಳಾಯಿತು. ಆ ನಷ್ಟ ಇಂದಿಗೂ ನೋಯುತ್ತದೆ. ಕೊನೆಗೆ ಕೈಹಿಡಿದದ್ದು ನಾನೂರು ರೂಪಾಯಿಯ ಮೇಜಿನ ದೀಪ: ಕತ್ತಲೆ ಕೋಣೆಯಲ್ಲಿ ಬೆಳಕನ್ನು ಪಕ್ಕದಿಂದ ಬಿಟ್ಟರೆ ಬಳಪ ಉಜ್ಜಿದ ಜಾಗ ಹೊಳೆಯುತ್ತದೆ. ಬಟ್ಟೆಯ ಕೆಳಗೆ ಏನಿಡಬೇಕೆಂಬುದನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಲೆಕ್ಕದಲ್ಲಿಯೂ ಎಡವಿದೆ. ಕಡತದಲ್ಲಿ ಹಣವನ್ನು ಗೆರೆಗಳಲ್ಲಿ ಬರೆದಿದೆ: ನೆಟ್ಟಗೆರೆ ಕಾಲು ರೂಪಾಯಿ, ಅಂದರೆ ನಾಲ್ಕಾಣೆ, ಓರೆಗೆರೆ ಒಂದಾಣೆ. ಒಂದು ನೆಟ್ಟಗೆರೆ, ಎರಡು ಓರೆಗೆರೆ ಎಂದರೆ ಆರಾಣೆ. ನಾನು ನೆಟ್ಟಗೆರೆಯನ್ನು ಒಂದು ರೂಪಾಯಿ ಎಂದೇ ಓದುತ್ತ ಹೋಗಿ, ಸಾಹುಕಾರರು ಬೆಲ್ಲದಲ್ಲಿ ಅಪಾರ ಲಾಭ ಗಳಿಸಿದರೆಂದು ಇಡೀ ಒಂದು ಅಧ್ಯಾಯ ಬರೆದು, ಮತ್ತೆ ಹರಿದುಹಾಕಬೇಕಾಯಿತು.

ನಡುವೆ, ಹೊಸ ಕಡತವನ್ನೇ ಮಾಡಿನೋಡೋಣವೆಂದು ಹುಣಸೆಬೀಜ ಬೇಯಿಸಿ ಅರೆದು, ಇದ್ದಿಲಪುಡಿ ಕಲಸಿ ಹಳೆಯ ಪಂಚೆಗೆ ಬಳಿದೆ. ಮೊದಲೆರಡು ಸಲ ಮಡಿಚಿದಲ್ಲೆಲ್ಲ ಬಿರಿಯಿತು. ಮೂರನೆಯದರ ಮೇಲೆ ಮೊಮ್ಮಗಳು ಈಗಲೂ ಬರೆಯುತ್ತಾಳೆ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ‘ಧಾತು ಸಂವತ್ಸರ’ ಎಂಬ ತಲೆಬರಹ. ಅರುವತ್ತು ವರ್ಷಕ್ಕೊಮ್ಮೆ ಮರಳುವ ಹೆಸರಾದ್ದರಿಂದ ಅದು 1936 ಎಂದುಕೊಂಡಿದ್ದೆ. ಆದರೆ ಬೆಂಗಳೂರಿನ ಮಾಲೆಲ್ಲ ಬಂಡಿಯಲ್ಲಿಯೇ ಬಂದಿತ್ತು, ರೈಲಿನ ಬಾಡಿಗೆ ಒಂದು ಸಾಲಿನಲ್ಲಿಯೂ ಇರಲಿಲ್ಲ. ನಮ್ಮ ಕಡೆಗೆ ರೈಲು ಬಂದದ್ದೇ 1884ರಲ್ಲಿ. ಹಾಗಾಗಿ ಅದು 1876ರ ಧಾತು, ಮಹಾ ಬರಗಾಲದ ವರ್ಷ. ಬಲಿಪಾಡ್ಯಮಿಗೆ ಲೆಕ್ಕ ಶುರುವಾಗಿ, ಯುಗಾದಿ ದಾಟಿದ ಮೇಲೆ ಅದೇ ಕಡತದಲ್ಲಿ ಈಶ್ವರ ಸಂವತ್ಸರವೂ ಬರುತ್ತದೆ.

ಇಷ್ಟು ಗೊತ್ತಾದ ಮೇಲೆ ಉಳಿದದ್ದೆಲ್ಲ ತಾನಾಗಿ ಬಿಚ್ಚಿಕೊಂಡಿತು. ಪುಷ್ಯದವರೆಗೆ ರಾಗಿ ಉದ್ರಿಯ ಹೆಸರುಗಳು ಸಾಲುಗಟ್ಟಿವೆ, ಮುಂದೆ ಯಾರ ಹೆಸರಿನ ಎದುರೂ ‘ಸಂದಾಯ’ ಎಂದಿಲ್ಲ. ಮಾಘದಲ್ಲಿ ಒಂದು ಜೋಡಿ ಎತ್ತು ಮಾರಿದ ಸಾಲಿದ್ದು, ಅಲ್ಲಿಂದಾಚೆ ಸಾಹುಕಾರರು ಪರರ ಬಂಡಿಗೆ ಬಾಡಿಗೆ ಕೊಡುತ್ತಾರೆ. ಎತ್ತು ಮಾರಿದ ಆ ಒಂದು ಸಾಲನ್ನು ಮಾತ್ರ ಬೇರೆ ಯಾರೋ ಬರೆದಿದ್ದಾರೆ. ಅದು ಅವರ ಅಕ್ಷರವಲ್ಲ.