ಅಲರ್ಜಿ ಕಾಲದ ಹಗಲ ಮಂಕಿಗೆ ಮದ್ದು ಸಂಜೆಯೇ ಶುರುವಾಗಲಿ

ಪರಾಗದ ಕಾಲದಲ್ಲಿ ಸೀನು, ಕಣ್ಣುರಿ ಎಲ್ಲರ ಕಣ್ಣಿಗೂ ಬೀಳುತ್ತವೆ. ಬೀಳದೇ ಹೋಗುವುದು ಹಗಲಿನ ಮಂಕು: ಓದಿದ್ದು ತಲೆಗೆ ಹತ್ತುವುದಿಲ್ಲ, ಎಂಟು ಗಂಟೆ ಮಲಗಿ ಎದ್ದರೂ ಮೈ ಭಾರ. ಇದನ್ನು ಸೋಮಾರಿತನ ಎಂದುಕೊಳ್ಳಬೇಡಿ. ಪರಾಗ ತಾಕಿದ ನಿಮಿಷಗಳಲ್ಲೇ ಮೂಗಿನೊಳಗೆ ಹಿಸ್ಟಮಿನ್ ಎಂಬ ರಾಸಾಯನಿಕ ಬಿಡುಗಡೆಯಾಗಿ ಸೀನು ಬರುತ್ತದೆ. ಕೆಲವು ಗಂಟೆಗಳ ಬಳಿಕ ಊತ ಮತ್ತೆ ಏರುತ್ತದೆ. ಅಡ್ಡಾದರೆ ಮೂಗಿನ ರಕ್ತನಾಳಗಳು ಉಬ್ಬಿ ದಾರಿ ಇನ್ನೂ ಕಿರಿದಾಗುತ್ತದೆ. ಬಾಯಲ್ಲಿ ಉಸಿರಾಟ, ಗೊರಕೆ, ಬೆಳಗ್ಗೆ ನೆನಪಿಗೂ ಬಾರದ ಪುಟ್ಟ ಪುಟ್ಟ ಎಚ್ಚರಗಳು. ನಿದ್ದೆ ಕೆಡುವುದು ಹೀಗೆ.

ಮಲಗುವ ಮುನ್ನ ತಲೆಗೆ ಸ್ನಾನ ಮಾಡಿ, ಇಲ್ಲದಿದ್ದರೆ ಕೂದಲಿನ ಪರಾಗ ದಿಂಬಿಗೆ ಇಳಿಯುತ್ತದೆ. ಹೊರಗೆ ಹಾಕಿದ ಬಟ್ಟೆ ಮಲಗುವ ಕೋಣೆಗೆ ಬೇಡ, ಕಿಟಕಿ ಮುಚ್ಚಿರಲಿ.

ಆಮೇಲೆ ಮೂಗು ತೊಳೆಯಿರಿ. ಕುದಿಸಿ ಆರಿಸಿದ 240 ಮಿ.ಲೀ. ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಅಯೋಡಿನ್ ಇಲ್ಲದ ಉಪ್ಪು, ಒಂದು ಚಿಟಿಕೆ ಅಡುಗೆ ಸೋಡಾ. ಉಪ್ಪು ಹಾಕದ ಬರೀ ನೀರು ಉರಿಸುತ್ತದೆ. ಕುದಿಸದ ನಲ್ಲಿ ನೀರು ಖಂಡಿತ ಬೇಡ. ಅದರಲ್ಲಿರಬಹುದಾದ ಅಮೀಬಾದ ಸೋಂಕು ತೀರಾ ಅಪರೂಪ, ಆದರೆ ತಗುಲಿದರೆ ಜೀವಕ್ಕೇ ಕುತ್ತು.

ಮೂಗು ಒಣಗಿದ ಮೇಲೆ, ವೈದ್ಯರು ಹೇಳಿದ್ದರೆ, ಮೂಗಿನ ಊತ ಇಳಿಸುವ ಸ್ಟೆರಾಯ್ಡ್ ಸ್ಪ್ರೇ. ಹೆಚ್ಚಿನವರು ಎಡವುವುದು ಇಲ್ಲೇ. ತಲೆ ತುಸು ಮುಂದಕ್ಕೆ ಬಾಗಿಸಿ, ಬಲ ಹೊಳ್ಳೆಗೆ ಎಡಗೈಯಿಂದ, ಎಡ ಹೊಳ್ಳೆಗೆ ಬಲಗೈಯಿಂದ, ತುದಿಯನ್ನು ಅದೇ ಬದಿಯ ಕಿವಿಯ ಕಡೆ ತಿರುಗಿಸಿ ಒತ್ತಿ. ನಡುಗೋಡೆಗೆ ಹೊಡೆದರೆ ರಕ್ತ ಬರಬಹುದು. ಜೋರಾಗಿ ಸೆಳೆದರೆ ಔಷಧ ಗಂಟಲಿಗೆ ಜಾರುತ್ತದೆ. ಪೂರ್ತಿ ಗುಣ ಕಾಣಲು ಎರಡು ವಾರ ಹಿಡಿಯಬಹುದು, ಹಾಗಾಗಿ ನಿಮ್ಮ ಅಲರ್ಜಿಯ ಕಾಲಕ್ಕೆ ಅಷ್ಟು ಮೊದಲೇ ಶುರು ಮಾಡುವುದು ಜಾಣತನ. ಮೂಗು ತಟ್ಟನೆ ಬಿಡಿಸುವ ಆಕ್ಸಿಮೆಟಾಜೋಲಿನ್ ಥರದ ಹನಿಗಳು ಬೇರೆಯೇ. ಮೂರು ದಿನಕ್ಕಿಂತ ಹೆಚ್ಚು ಹಾಕಿದರೆ ಬಿಟ್ಟಾಗ ಮೂಗು ಮೊದಲಿಗಿಂತ ಗಟ್ಟಿಯಾಗಿ ಕಟ್ಟಬಹುದು.

ಅಲರ್ಜಿಯ ಮಾತ್ರೆಯಲ್ಲೂ ಮೋಸವಿದೆ. ಮಿದುಳಿನಲ್ಲಿ ಹಿಸ್ಟಮಿನ್ ನಮ್ಮನ್ನು ಎಚ್ಚರವಾಗಿಡುವ ವಸ್ತು. ಕ್ಲೋರ್‌ಫೆನಿರಮಿನ್, ಡೈಫೆನ್‌ಹೈಡ್ರಮಿನ್‌ನಂಥ ಹಳೆಯ ಮಾತ್ರೆಗಳು ಮಿದುಳಿಗೂ ಹೋಗಿ ಅದನ್ನು ತಡೆಯುತ್ತವೆ. ರಾತ್ರಿ ನುಂಗಿದ್ದರೂ ಮಂಪರು ಮರುದಿನಕ್ಕೆ ಉಳಿಯುತ್ತದೆ, ವಾಹನ ಓಡಿಸುವವರಿಗಂತೂ ಅಪಾಯ. ಸೆಟಿರಿಜಿನ್ ಕೂಡ ಕೆಲವರಿಗೆ ತೂಕಡಿಕೆ ತರುತ್ತದೆ. ಫೆಕ್ಸೊಫೆನಡಿನ್‌ನಲ್ಲಿ ಆ ಕಾಟ ತೀರಾ ಕಡಿಮೆ, ಆದರೆ ಹಣ್ಣಿನ ರಸದ ಜೊತೆ ನುಂಗಿದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ; ನೀರಿನಲ್ಲೇ ತೆಗೆದುಕೊಳ್ಳಿ.

ಒಂದೇ ಹೊಳ್ಳೆ ಸದಾ ಕಟ್ಟುತ್ತಿದ್ದರೆ, ಎದೆಯಲ್ಲಿ ಸುಯ್ ಸದ್ದಿದ್ದರೆ, ನಿದ್ದೆಯಲ್ಲಿ ಉಸಿರು ನಿಂತು ಏದುಸಿರು ಬಿಡುವುದನ್ನು ಮನೆಯವರು ಕಂಡಿದ್ದರೆ ಇಷ್ಟರಲ್ಲೇ ನಿಲ್ಲಿಸದೆ ವೈದ್ಯರಿಗೆ ತೋರಿಸಿ.