ರೊಟ್ಟಿ ಬಿಟ್ಟು ಲಾಡಿ ಹಿಡಿದೆ: ಭಿನ್ನರಾಶಿ ಕಲಿಸಿದ ನನ್ನ ಅನುಭವ

ಎರಡು ವರ್ಷಗಳ ಹಿಂದೆ, ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಯಲ್ಲಿ ನಾನು ಚೀಲದಿಂದ ಲಾಡಿಯ ಸುರುಳಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟಾಗ, ಹಿರಿಯ ಶಿಕ್ಷಕರೊಬ್ಬರು "ಏನ್ ಮೇಡಂ, ಟೈಲರಿಂಗ್ ಕ್ಲಾಸ್ ಶುರು ಮಾಡ್ತೀರಾ?" ಎಂದು ಕೇಳಿ ಸಭೆಯನ್ನೆಲ್ಲ ನಗಿಸಿದ್ದರು. ಈ ವರ್ಷ ಅವರೇ ಫೋನ್ ಮಾಡಿ, ತಮ್ಮ ಶಾಲೆಗೂ ಎರಡು ಸುರುಳಿ ಕೊಡಿಸಬೇಕೆಂದು ಕೇಳಿದ್ದಾರೆ. ಆ ಕಾರಣಕ್ಕೇ ಇದನ್ನು ಬರೆಯುವ ಧೈರ್ಯ ಬಂದಿದೆ.

ತುಮಕೂರು ಜಿಲ್ಲೆಯ ಹಳ್ಳಿಯೊಂದರಲ್ಲಿ 4 ಮತ್ತು 5ನೇ ತರಗತಿಗಳಿಗೆ ಗಣಿತ ಬೋಧಿಸುವ ನಾನು, ಮೊದಲ ಏಳೆಂಟು ವರ್ಷ ಎಲ್ಲರಂತೆ ರೊಟ್ಟಿಯನ್ನೇ ನಂಬಿದ್ದೆ. ಮನೆಯಿಂದ ಚಪಾತಿ ಮಾಡಿಕೊಂಡು ಹೋಗಿ ಕತ್ತರಿಸಿ ತೋರಿಸುತ್ತಿದ್ದೆ. ಚೂರುಗಳು ಒಮ್ಮೆಯೂ ಸಮನಾಗಲಿಲ್ಲ, ಮತ್ತು ಮಕ್ಕಳ ಗಮನವೆಲ್ಲ ಯಾವ ಚೂರು ಯಾರಿಗೆ ಎಂಬುದರ ಮೇಲಿರುತ್ತಿತ್ತು. ಆಮೇಲೆ ಸುಮಾರು 1,800 ರೂಪಾಯಿ ಸ್ವಂತ ಹಣ ಕೊಟ್ಟು ಬಣ್ಣದ ಮರದ ಬಿಲ್ಲೆಗಳ ಪೆಟ್ಟಿಗೆ ತರಿಸಿದೆ. ನೋಡಲು ಚೆಂದವಿತ್ತು, ಕಲಿಕೆಗೆ ಒದಗಲಿಲ್ಲ. ಬಣ್ಣ ಹಚ್ಚಿದ ಭಾಗವನ್ನು ಎಣಿಸಿ ಮೇಲೆ ಬರೆಯುವುದು, ಒಟ್ಟು ಭಾಗಗಳನ್ನು ಎಣಿಸಿ ಕೆಳಗೆ ಬರೆಯುವುದು ಇಷ್ಟನ್ನು ಮಕ್ಕಳು ಚೆನ್ನಾಗಿ ಕಲಿತರು. ಆದರೆ 1/3 ದೊಡ್ಡದೋ 1/4 ದೊಡ್ಡದೋ ಎಂದರೆ "ನಾಲ್ಕೇ ದೊಡ್ಡದು ಮಿಸ್" ಎನ್ನುತ್ತಿದ್ದರು, 1/2 ಮತ್ತು 1/3 ಕೂಡಿಸಿ ಎಂದರೆ ಒಂದೂ ಚೂರು ಅಳುಕಿಲ್ಲದೆ 2/5 ಎಂದು ಬರೆಯುತ್ತಿದ್ದರು. 5/4 ಬಂದ ದಿನವಂತೂ ಹುಡುಗನೊಬ್ಬ ಎದ್ದು ನಿಂತು, "ನಾಲ್ಕೇ ಚೂರಿರೋ ರೊಟ್ಟೀಲಿ ಐದನೇ ಚೂರು ಎಲ್ಲಿಂದ ತರೋದು ಮಿಸ್?" ಎಂದು ಕೇಳಿದ. ಅವನ ಪ್ರಶ್ನೆ ಸರಿಯಾಗಿತ್ತು, ತಪ್ಪು ರೊಟ್ಟಿಯದು.

ದಾರಿ ತೋರಿಸಿದ್ದು ಹೂವು. ತಾಯಿ ಸೇವಂತಿಗೆ ಕಟ್ಟಿ ಮಾರುವ ಹುಡುಗಿಯೊಬ್ಬಳು ನನ್ನ ತರಗತಿಯಲ್ಲಿದ್ದಳು. ಅರ್ಧ ಮೊಳ ಎಷ್ಟು ತೋರಿಸು ಎಂದಾಗ ಅವಳು ಮೊಳಕೈಯಿಂದ ಬೆರಳ ತುದಿಯವರೆಗೆ ನೂಲು ಹಿಡಿದು, ಅದನ್ನು ಮಡಚಿ, ನಡುವೆ ಚಿವುಟಿ ತೋರಿಸಿದಳು. ಬಳಿಕ ನನ್ನ ಕೈಯನ್ನೊಮ್ಮೆ ನೋಡಿ, "ನಿಮ್ಮ ಅರ್ಧ ಮೊಳ ನನ್ನದಕ್ಕಿಂತ ಉದ್ದ ಬರ್ತದೆ" ಎಂದಳು. ಯಾವುದರ ಅರ್ಧ ಎಂಬ ಪ್ರಶ್ನೆಯನ್ನು ನಾನು ಅಷ್ಟು ವರ್ಷ ಕಲಿಸಿಯೇ ಇರಲಿಲ್ಲ. ಅಂದಿನಿಂದ ಭಿನ್ನರಾಶಿಯನ್ನು ಹಂಚಿಕೆಯಾಗಿ ಅಲ್ಲ, ಅಳತೆಯಾಗಿ ಕಲಿಸತೊಡಗಿದೆ.

ಹತ್ತಿಯ ಲಾಡಿ ಒಂದು ಸುರುಳಿಗೆ ಆಗ 200 ರೂಪಾಯಿಯ ಆಸುಪಾಸಿನಲ್ಲಿತ್ತು. ಮೊದಲ ಸುರುಳಿ ವ್ಯರ್ಥವಾಯಿತು. ಕೊಳೆಯಾಗಿದೆ ಎಂದು ಒಗೆದೆ, ಒಂದೊಂದು ತುಂಡು ಒಂದೊಂದು ಉದ್ದಕ್ಕೆ ಕುಗ್ಗಿತು. ಈಗ ನೆನೆಸಿ ಒಣಗಿಸಿ, ಇಸ್ತ್ರಿ ಮಾಡಿದ ಮೇಲೆಯೇ ಕತ್ತರಿಸುತ್ತೇನೆ. ಖರ್ಚಿಲ್ಲದ ದಾರಿಯೆಂದು ನಡುವೆ ಒಂದು ತಿಂಗಳು ತೆಂಗಿನ ಗರಿಯ ಎಲೆಯನ್ನೂ ಬಳಸಿ ನೋಡಿದೆ. ಹಸಿಯಾಗಿರುವಾಗ ಮಡಿಕೆಯ ಗುರುತು ಬಹಳ ಸ್ಪಷ್ಟವಾಗಿ ಮೂಡುತ್ತದೆ, ಮರುದಿನ ಬೆಳಗ್ಗೆ ಬರುವಷ್ಟರಲ್ಲಿ ಎಲ್ಲವೂ ಸುರುಟಿಕೊಂಡಿರುತ್ತವೆ. ಒಂದು ಲಾಡಿಯ ಉದ್ದವನ್ನು ಎಷ್ಟು ಸೆಂಟಿಮೀಟರ್ ಇಡುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಎರಡು, ಮೂರು, ನಾಲ್ಕು, ಐದು, ಆರು ಭಾಗಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಕುಳಿತರೆ ಯಾರಿಗಾದರೂ ಹೊಳೆಯುತ್ತದೆ.

ಲಾಡಿಗಳನ್ನು ಜಗುಲಿಯ ಮೇಲೆ ಒಂದರ ತುದಿಗೆ ಇನ್ನೊಂದನ್ನು ಸೇರಿಸಿ ಹಾಸುತ್ತೇವೆ. ಕಾಲುಭಾಗಕ್ಕೆ ಮಡಚಿದ ಇನ್ನೊಂದು ತುಂಡನ್ನು ಹಿಡಿದು ಮಗು ಅಳೆಯುತ್ತ ಸಾಗಬೇಕು, ಪ್ರತಿ ಸಲ ಸುಣ್ಣದ ಕಡ್ಡಿಯಿಂದ ಗುರುತು ಹಾಕಬೇಕು. ಮೂರನೇ ಗುರುತಿಗೆ ಬಂದಾಗ ಇದರ ಹೆಸರೇನು ಎಂದು ಕೇಳಿದರೆ ಎಲ್ಲರೂ ಮುಕ್ಕಾಲು ಎನ್ನುತ್ತಾರೆ, ಆ ಪದವನ್ನು ಬಿಡಿಸಿ ಹೇಳಿ ಎಂದರೆ ಸ್ವಲ್ಪ ಹೊತ್ತಿಗೆ ಯಾರಾದರೂ "ಮೂರು ಕಾಲು!" ಎಂದು ಕೂಗುತ್ತಾರೆ. ಮೂರು ಕಾಲಿನ ಸ್ಟೂಲಿನ ತಮಾಷೆ ಪ್ರತಿ ವರ್ಷವೂ ಬರುತ್ತದೆ, ಬರಲಿ. ಐದನೇ ಗುರುತು ಎರಡನೇ ಲಾಡಿಯೊಳಕ್ಕೆ ಹೋದಾಗ, "ಇದು ಒಂದೂಕಾಲು ಅಲ್ವಾ ಮಿಸ್" ಎಂದು ಅವರೇ ಹೇಳುತ್ತಾರೆ, 5/4 ಎಲ್ಲಿಂದ ಬಂತೆಂದು ಆಮೇಲೆ ಯಾರೂ ಕೇಳಿಲ್ಲ. ನಮ್ಮ ಭಾಷೆಯಲ್ಲೇ ಇರುವ ಈ ಎಣಿಕೆಯನ್ನು ಮುಂದಕ್ಕೂ ಎಳೆದೆ: ಐದು ಭಾಗ ಮಾಡಿದರೆ ಒಂದೊಂದೂ ಐದಂಶ, 3/5 ಎಂದರೆ ಮೂರು ಐದಂಶ. ಎರಡು ಐದಂಶಕ್ಕೆ ಒಂದು ಐದಂಶ ಕೂಡಿಸಿದರೆ ಎಷ್ಟೆಂದು ಕೇಳಿದಾಗ, ಮಾವಿನಹಣ್ಣು ಕೂಡಿಸಿದಷ್ಟೇ ಸಲೀಸಾಗಿ ಉತ್ತರ ಬರುತ್ತದೆ, ಛೇದವನ್ನು ಕೂಡಿಸಲು ಯಾರೂ ಹೋಗುವುದಿಲ್ಲ. ಛೇದ ಬೇರೆಯಾದಾಗ ಏನು ಮಾಡುತ್ತೇನೆ ಎಂಬುದು ಇನ್ನೊಂದು ಲೇಖನಕ್ಕಿರಲಿ.

ಕಾಗದದ ಪಟ್ಟಿಯನ್ನು ಐದು ಅಥವಾ ಏಳು ಭಾಗ ಮಾಡುವುದು ಕಷ್ಟವೆಂದು ಹಲವರು ದೂರುತ್ತಾರೆ. ಗೆರೆ ಪುಸ್ತಕದ ಒಂದು ಗೆರೆಯ ಮೇಲೆ ಪಟ್ಟಿಯ ಒಂದು ತುದಿಯನ್ನಿಟ್ಟು, ಇನ್ನೊಂದು ತುದಿ ಅಲ್ಲಿಂದ ಕೆಳಗಿನ ಐದನೇ ಗೆರೆಗೆ ತಾಗುವಂತೆ ಓರೆಯಾಗಿಸಿದರೆ, ನಡುವಿನ ನಾಲ್ಕು ಗೆರೆಗಳು ಅಂಚನ್ನು ಮುಟ್ಟುವಲ್ಲಿ ಐದು ಸಮಭಾಗಗಳು ಸಿಕ್ಕಿಬಿಡುತ್ತವೆ.

ಅತ್ತೆಯವರ ಮನೆಯ ಹಳೆಯ ಸೇರು, ಪಾವು, ಚಟಾಕುಗಳನ್ನೂ ತಂದು ಮರಳು ಅಳೆಸಿದ್ದುಂಟು. ನಾಲ್ಕು ಪಾವು ಒಂದು ಸೇರಾಗಬೇಕಿತ್ತು. ಮಕ್ಕಳು ಪಾವನ್ನು ಗೋಪುರದಂತೆ ತುಂಬಿದ್ದರಿಂದ ಮೂರೂವರೆಗೇ ಸೇರು ತುಂಬಿತು, ಜಗುಲಿಯೆಲ್ಲ ಮರಳಾಗಿ ಅಡುಗೆಯವರಿಂದ ನಾನು ಮಾತು ಕೇಳಬೇಕಾಯಿತು.

ಅಂಕಿಗಳು ನೆನಪಿನಿಂದ ಬರೆದವು: ರೊಟ್ಟಿಯ ಕೊನೆಯ ವರ್ಷ 24 ಮಕ್ಕಳಲ್ಲಿ ಆರೇಳು ಮಂದಿ ಹೋಲಿಕೆಯ ಲೆಕ್ಕಗಳನ್ನು ಸರಿ ಮಾಡಿದ್ದರು, ಈ ವರ್ಷ 22ರಲ್ಲಿ ಹದಿನೆಂಟೋ ಹತ್ತೊಂಬತ್ತೋ. ಲಾಡಿಗೆ ಈವರೆಗೆ ಆದ ಒಟ್ಟು ಖರ್ಚು ಆ ಮರದ ಪೆಟ್ಟಿಗೆಯ ಅರ್ಧವೂ ಇಲ್ಲ. ಗುಣಾಕಾರಕ್ಕೂ ಕೈ ಹಾಕಿದ್ದೇನೆ. ಕಾಲುಭಾಗವನ್ನು ಮತ್ತೆ ಅರ್ಧಕ್ಕೆ ಮಡಚಿ, ಅರೆಕಾಲು, ಅಂದರೆ ಕಾಲಿನ ಅರ್ಧ, ಎಂಬ ಅಜ್ಜಿಯರ ಪದವನ್ನು ಹೇಳಿಕೊಟ್ಟರೆ 1/8 ಅಲ್ಲಿಯೇ ಬಂದು ಕೂರುತ್ತದೆ. ಭಾಗಾಕಾರ ಮಾತ್ರ ಲಾಡಿಗೆ ಇನ್ನೂ ಒಗ್ಗಿಲ್ಲ, ಜೂನ್‌ನಲ್ಲಿ ಹೊಸ ಸುರುಳಿಯೊಡನೆ ಅದನ್ನೇ ಮೊದಲು ಹಿಡಿಯಬೇಕೆಂದಿದ್ದೇನೆ.