ಸಣ್ಣ ಸ್ಟ್ರೋಕ್ ರಾತ್ರಿಯೊಳಗೆ ಉಲ್ಬಣಿಸುತ್ತದೆಯೇ? ರಕ್ತನಾಳದ ಸ್ಕ್ಯಾನ್ ನೋಡಿ ಅಂದಾಜಿಸುವ ಕ್ರಮ

ಬಾಯಿ ಸ್ವಲ್ಪ ಸೊಟ್ಟ, ಬಲಗೈ ಜೋಲು, ಮಾತು ತೊದಲು, ಸ್ಟ್ರೋಕಿನ ತೀವ್ರತೆ ಅಳೆಯುವ ಎನ್‌ಐಎಚ್‌ಎಸ್‌ಎಸ್ ಅಂಕ 4. ಇಂಥ ರೋಗಿಯ ಕೇಸ್ ಶೀಟಿನಲ್ಲಿ 'ಮೈಲ್ಡ್ ಸ್ಟ್ರೋಕ್' ಎಂದು ಬರೆದು ವಾರ್ಡಿಗೆ ಕಳಿಸುವ ಮೊದಲು ಅವರ ಕುತ್ತಿಗೆ ಮತ್ತು ಮಿದುಳಿನ ರಕ್ತನಾಳಗಳನ್ನು ನೋಡಿರಲೇಬೇಕು. ಅಂಕ ಹೇಳುವುದು ಈ ಹೊತ್ತಿನ ನಷ್ಟವನ್ನು ಮಾತ್ರ. ಕೂದಲೆಳೆಯಂಥ ನಾಳವೊಂದು ಮುಚ್ಚಿದರೂ ಅಂಕ 4 ಬರುತ್ತದೆ. ಮಿದುಳಿನ ದೊಡ್ಡ ನಾಳವಾದ ಮಿಡ್ಲ್ ಸೆರೆಬ್ರಲ್ ಅಪಧಮನಿಯ ಬುಡವೇ ಮುಚ್ಚಿ, ಪಕ್ಕದ ನಾಳಗಳು ಹೇಗೋ ರಕ್ತ ಒದಗಿಸುತ್ತಿದ್ದರೂ 4 ಬರಬಹುದು. ಈ ಎರಡನೆಯ ರೋಗಿ ಬಿ.ಪಿ. ಇಳಿದ ಕೂಡಲೇ ಕುಸಿಯಬಲ್ಲರು.

ಉಲ್ಬಣ ಎನ್ನಲು ಸಾಮಾನ್ಯವಾಗಿ ಬಳಸುವ ಅಳತೆ, 24 ಗಂಟೆಯೊಳಗೆ ಅಂಕ 4 ಅಥವಾ ಅದಕ್ಕಿಂತ ಹೆಚ್ಚು ಏರುವುದು. ವಾರ್ಡಿನಲ್ಲಿ ಅಷ್ಟರವರೆಗೆ ಕಾಯಬೇಡಿ, 2 ಏರಿದರೂ ಡಾಕ್ಟರನ್ನು ಕರೆಯಬೇಕೆಂದು ಬರೆದಿಡಿ.

ಸ್ಕ್ಯಾನಿಗೆ ಸಿ.ಟಿ. ಆಂಜಿಯೋಗ್ರಾಮ್ (ಕಾಂಟ್ರಾಸ್ಟ್ ಎಂಬ ದ್ರವವನ್ನು ರಕ್ತಕ್ಕೆ ಕೊಟ್ಟು ನಾಳಗಳನ್ನು ಎದ್ದು ಕಾಣಿಸುವ ಸಿ.ಟಿ.) ಸಾಕು. ಮೊದಲು ಸಾದಾ ಸಿ.ಟಿ. ಮಾಡಿ ರಕ್ತಸ್ರಾವವಿಲ್ಲ ಎಂದು ಖಚಿತಪಡಿಸಿ, ಟೇಬಲಿನಿಂದ ಇಳಿಸದೆಯೇ ಮುಂದುವರಿಯಿರಿ. ಕ್ಯಾನುಲಾ 18 ಅಥವಾ 20 ಗೇಜಿನದು, ಬಲ ಮೊಣಕೈಯ ಮಡಿಕೆಯಲ್ಲಿರಲಿ. ಎಡಗೈಗೆ ಕೊಟ್ಟರೆ ಮಹಾಪಧಮನಿಯ ಕಮಾನಿನ ಮುಂದೆ ಹಾಯುವ ರಕ್ತನಾಳದಲ್ಲಿ ಗಟ್ಟಿ ಕಾಂಟ್ರಾಸ್ಟ್ ನಿಂತು, ಕುತ್ತಿಗೆಯ ನಾಳಗಳ ಬುಡದಲ್ಲಿ ಗೆರೆಗೆರೆಯಾಗಿ ಚಿತ್ರ ಕೆಡುತ್ತದೆ. ಕಾಂಟ್ರಾಸ್ಟ್ 60ರಿಂದ 80 ಮಿ.ಲೀ., ವೇಗ ಸೆಕೆಂಡಿಗೆ 4ರಿಂದ 5 ಮಿ.ಲೀ., ಹಿಂದೆಯೇ 30ರಿಂದ 40 ಮಿ.ಲೀ. ಸಲೈನ್. ಕಮಾನಿನಿಂದ ನೆತ್ತಿಯವರೆಗೆ ಒಂದು ಸುತ್ತು. ಯಂತ್ರದಲ್ಲಿ ಸೌಲಭ್ಯವಿದ್ದರೆ ತಲೆಯನ್ನಷ್ಟೇ 8 ಸೆಕೆಂಡಿನ ಅಂತರದಲ್ಲಿ ಇನ್ನೆರಡು ಸಲ ಸ್ಕ್ಯಾನ್ ಮಾಡಿಸಿ, ಅದಕ್ಕೆ ಹೆಚ್ಚುವರಿ ಕಾಂಟ್ರಾಸ್ಟ್ ಬೇಡ. ದೊಡ್ಡ ನಾಳ ಮುಚ್ಚಿರುವ ಅನುಮಾನವಿದ್ದು, ಮೊದಲಿನಿಂದ ಕಿಡ್ನಿ ತೊಂದರೆ ಇಲ್ಲದವರಲ್ಲಿ ಕ್ರಿಯಾಟಿನಿನ್ ವರದಿಗೆ ಕಾಯುವ ಅಗತ್ಯವಿಲ್ಲ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬೇಕಾದವರನ್ನು ಆಂಜಿಯೋಗ್ರಾಮಿಗಾಗಿ ಕಾಯಿಸಲೂಬಾರದು.

ಕಾಂಟ್ರಾಸ್ಟ್ ಕೊಡಲಾಗದವರಿಗೆ ಎಂ.ಆರ್. ಆಂಜಿಯೋಗ್ರಾಮ್ ಇದೆ. ಆದರೆ ಅದು ಹರಿವನ್ನು ನೋಡುವ ಚಿತ್ರ. ಹರಿವು ನಿಧಾನವಾದಲ್ಲಿ ಕಿರಿದಾದ ನಾಳವೂ ಮುಚ್ಚಿದಂತೆ ಕಾಣುತ್ತದೆ, ರೋಗಿ ತಲೆ ಅಲ್ಲಾಡಿಸಿದರೆ ಏನನ್ನೂ ನೆಚ್ಚುವಂತಿಲ್ಲ.

ಓದುವಾಗ ಬುಡದಿಂದ ತುದಿಗೆ ಹೋಗಿ: ಕಮಾನು, ಕುತ್ತಿಗೆಯ ಮುಂಭಾಗದ ಕೆರೊಟಿಡ್ ನಾಳದ ಕವಲು, ತಲೆಬುರುಡೆಯೊಳಗಿನ ಕೆರೊಟಿಡ್, ಮಿಡ್ಲ್ ಸೆರೆಬ್ರಲ್‌ನ ಎಂ1 (ಬುಡದ ಭಾಗ), ಎಂ2 (ಅದರ ಮುಂದಿನ ಕವಲುಗಳು), ಆಮೇಲೆ ಕುತ್ತಿಗೆಯ ಹಿಂಬದಿಯ ವರ್ಟಿಬ್ರಲ್ ನಾಳಗಳು ಮತ್ತು ಅವೆರಡೂ ಸೇರಿ ಆಗುವ ಬ್ಯಾಸಿಲರ್. ಬ್ಯಾಸಿಲರನ್ನು ಅವಸರದಲ್ಲಿ ಓದಿ ಮುಗಿಸಬೇಡಿ. ತಲೆಸುತ್ತು, ಎರಡೆರಡು ಕಾಣುವುದು, ಓಲಾಟ, ಇವಕ್ಕೆ ಅಂಕಪಟ್ಟಿಯಲ್ಲಿ ಸಿಗುವ ಅಂಕ ತೀರಾ ಕಡಿಮೆ. ಲಕ್ಷಣ ಬಂದು ಹೋಗಿ ಮಾಡುತ್ತಿದ್ದರಂತೂ ಆ ನಾಳವನ್ನು ಮೂರು ದಿಕ್ಕಿನಿಂದಲೂ ನೋಡಿ.

ಕಿರಿದಾದ ಜಾಗ ಸಿಕ್ಕರೆ ಅಳೆಯಿರಿ. ತಲೆಯೊಳಗಿನ ನಾಳಕ್ಕೆ, ಅತಿ ಕಿರಿದಾದಲ್ಲಿನ ವ್ಯಾಸವನ್ನು ಅದರ ಹಿಂದಿನ ಸರಿಯಾದ ಭಾಗದ ವ್ಯಾಸದಿಂದ ಭಾಗಿಸಿ, 1ರಿಂದ ಕಳೆದು, 100ರಿಂದ ಗುಣಿಸಬೇಕು. 3 ಮಿ.ಮೀ. ಇರಬೇಕಾದದ್ದು 0.9 ಆಗಿದ್ದರೆ 70 ಶೇಕಡಾ. 70ರಿಂದ 99 ಎಂದರೆ ತೀವ್ರ. ಭಾರತೀಯರಲ್ಲಿ ತಲೆಯೊಳಗಿನ ನಾಳದ ಗೋಡೆಯಲ್ಲೇ ಕೊಬ್ಬು ಕಟ್ಟುವುದು ಹೆಚ್ಚು, ಹಾಗಾಗಿ ಕುತ್ತಿಗೆಯ ಡಾಪ್ಲರ್ (ಅಲ್ಟ್ರಾಸೌಂಡ್) ಒಂದನ್ನೇ ಮಾಡಿಸಿ ನಿಶ್ಚಿಂತರಾಗುವಂತಿಲ್ಲ.

ನಾಳ ಮುಚ್ಚಿದ್ದರೆ ಕೇಳಬೇಕಾದ ಪ್ರಶ್ನೆ, ಪಕ್ಕದ ನಾಳಗಳು ಎಷ್ಟು ತುಂಬಿವೆ ಎಂಬುದು. ಎರಡೂ ಬದಿಯನ್ನು ಹೋಲಿಸಿ 0ಯಿಂದ 3ರವರೆಗೆ ಅಂಕ ಕೊಡಿ: ಏನೂ ತುಂಬದಿದ್ದರೆ 0, ಅರ್ಧ ಅಥವಾ ಕಡಿಮೆ ತುಂಬಿದ್ದರೆ 1, ಅರ್ಧಕ್ಕಿಂತ ಹೆಚ್ಚಾದರೆ 2, ಪೂರ್ತಿ ತುಂಬಿದ್ದರೆ 3. 0 ಅಥವಾ 1 ಇದ್ದು ಕೆರೊಟಿಡ್‌ನ ತುದಿಯೇ ಮುಚ್ಚಿದ್ದರೆ ಮಿದುಳು ಊದಿಕೊಳ್ಳುವ ಅಪಾಯ ದೊಡ್ಡದು. ನ್ಯೂರೋಸರ್ಜನ್‌ಗೆ ಅಂದೇ ತಿಳಿಸಿ. 60 ವರ್ಷದೊಳಗಿನವರಲ್ಲಿ ತಲೆಬುರುಡೆ ತೆರೆಯುವ ಶಸ್ತ್ರಚಿಕಿತ್ಸೆಗೆ ಮೊದಲ 48 ಗಂಟೆಯೇ ಒಳ್ಳೆಯ ಅವಧಿ. 3 ಇದ್ದರೆ ಸಮಾಧಾನಪಡಬಹುದು, ನಿರ್ಲಕ್ಷಿಸುವಂತಿಲ್ಲ.

ತಪ್ಪುಗಳು ಇಲ್ಲಿಯೇ ಆಗುವುದು. ಹೃದಯ ದುರ್ಬಲವಿದ್ದವರಲ್ಲಿ, ಹೃದಯಬಡಿತದ ಲಯ ತಪ್ಪುವ ಏಟ್ರಿಯಲ್ ಫಿಬ್ರಿಲೇಶನ್ ಇದ್ದವರಲ್ಲಿ ಕಾಂಟ್ರಾಸ್ಟ್ ತಡವಾಗಿ ತಲೆಗೇರುತ್ತದೆ. ಮೊದಲ ಸುತ್ತೊಂದನ್ನೇ ನೋಡಿದರೆ ಪಕ್ಕದ ನಾಳಗಳೇ ಇಲ್ಲವೆನಿಸುತ್ತದೆ, ಎರಡನೆಯ ಸುತ್ತಿನಲ್ಲಿ ಅವೇ ತುಂಬಿರುತ್ತವೆ. ಕೆರೊಟಿಡ್‌ನ ಮೇಲ್ತುದಿ ಮುಚ್ಚಿದಾಗ ಕುತ್ತಿಗೆಯ ಭಾಗದಲ್ಲಿ ರಕ್ತ ನಿಂತು, ಅಲ್ಲಿಯೂ ಮುಚ್ಚಿದೆ ಎಂಬ ಭ್ರಮೆ ಬರುತ್ತದೆ. ಹುಟ್ಟಿನಿಂದಲೇ ಸಪೂರವಾದ ವರ್ಟಿಬ್ರಲ್ ನಾಳವನ್ನು ರೋಗವೆಂದು ಬರೆಯುವುದೂ ಉಂಟು.

ಆಂಜಿಯೋಗ್ರಾಮ್ ಪೂರ್ತಿ ಸರಿಯಿದ್ದೂ ಹಂತಹಂತವಾಗಿ ಕೈಕಾಲಿನ ಶಕ್ತಿ ಕುಂದುವವರಿದ್ದಾರೆ. ಇಂಥ ಕೆಲವರಲ್ಲಿ ಮಿಡ್ಲ್ ಸೆರೆಬ್ರಲ್‌ನ ಗೋಡೆಯ ಕೊಬ್ಬು, ಅಲ್ಲಿಂದ ಕವಲೊಡೆಯುವ ಸಣ್ಣ ನಾಳದ ಬಾಯಿಯನ್ನು ಮುಚ್ಚಿರುತ್ತದೆ. ದೊಡ್ಡ ನಾಳದ ಒಳಹಾದಿ ಮಾತ್ರ ಚೆನ್ನಾಗಿಯೇ ಕಾಣುತ್ತದೆ. ಹೊಸ ಹಾನಿಯನ್ನು ತೋರಿಸುವ ಎಂ.ಆರ್.ಐ. ಡಿಫ್ಯೂಶನ್ ಚಿತ್ರದಲ್ಲಿ ಆಳದ ಕಲೆ ಮೂರು ಅಥವಾ ಹೆಚ್ಚು ಪದರಗಳಲ್ಲಿ ಉದ್ದಕ್ಕೆ ಕಂಡರೆ ಈ ಅನುಮಾನ ಇಟ್ಟುಕೊಳ್ಳಿ, ಅವರನ್ನೂ ನಿಗಾದಲ್ಲಿಡಿ.

ಇಷ್ಟು ಓದಿದ್ದು ರಾತ್ರಿಯ ಆದೇಶಗಳಲ್ಲಿ ಕಾಣಬೇಕು. ದೊಡ್ಡ ನಾಳ ಮುಚ್ಚಿದವರು, ತೀವ್ರವಾಗಿ ಕಿರಿದಾದವರು ಐಸಿಯು ಅಥವಾ ಸ್ಟ್ರೋಕ್ ಯೂನಿಟ್‌ನಲ್ಲಿರಲಿ, ಗಂಟೆಗೊಮ್ಮೆ ಅಂಕ ನೋಡಲಿ. ಹೆಪ್ಪು ಕರಗಿಸುವ ಔಷಧ ಕೊಡದವರಲ್ಲಿ ಬಿ.ಪಿ. 220/120 ದಾಟದಿದ್ದರೆ, ಬೇರೆ ತುರ್ತು ಕಾರಣವಿಲ್ಲದೆ ಇಳಿಸಲು ಹೋಗಬೇಡಿ; ಕೊಟ್ಟವರಲ್ಲಿ 180/105ರ ಒಳಗಿರಬೇಕು. ಬಿ.ಪಿ. ಥಟ್ಟನೆ ಇಳಿಸಲು ನಾಲಗೆಯ ಕೆಳಗೆ ನಿಫೆಡಿಪಿನ್ ಹಾಕುವ ಹಳೆಯ ರೂಢಿ ಈ ರೋಗಿಗಳಿಗೆ ನಿಜಕ್ಕೂ ಅಪಾಯಕಾರಿ.

ಬೆಂಗಳೂರಿನಲ್ಲಿ ಇನ್ನೊಂದು ಲೆಕ್ಕ ಸೇರುತ್ತದೆ. ಹೊಸಕೋಟೆಯಲ್ಲೋ ನೆಲಮಂಗಲದಲ್ಲೋ ದಾಖಲಾದ ರೋಗಿ ಸಂಜೆ ಆರಕ್ಕೆ ಕುಸಿದರೆ, ಹೊಸೂರು ರಸ್ತೆಯ ನಿಮ್ಹಾನ್ಸ್‌ಗೋ ಥ್ರಾಂಬೆಕ್ಟಮಿ (ನಾಳದೊಳಗಿನಿಂದ ಹೆಪ್ಪನ್ನು ಹೊರತೆಗೆಯುವುದು) ಮಾಡುವ ಇನ್ನೊಂದು ಆಸ್ಪತ್ರೆಗೋ ಟ್ರಾಫಿಕ್ಕಿನಲ್ಲಿ ತಲುಪುವಷ್ಟರಲ್ಲಿ ಮಿದುಳಿನ ದೊಡ್ಡ ಪಾಲು ಹೋಗಿರುತ್ತದೆ. ಎಂ1, ಕೆರೊಟಿಡ್ ತುದಿ ಅಥವಾ ಬ್ಯಾಸಿಲರ್ ಮುಚ್ಚಿದೆಯೆಂದು ಗೊತ್ತಾದರೆ ಅಂಕ ಕಡಿಮೆಯಿದ್ದರೂ ಆಗಲೇ ಅಲ್ಲಿಯ ತಂಡದೊಂದಿಗೆ ಮಾತಾಡಿ, ಸ್ಥಳಾಂತರ ತೀರ್ಮಾನಿಸಿ. ಫಿಲ್ಮಿನ ಫೋಟೋವನ್ನು ವಾಟ್ಸಾಪ್ ಮಾಡಿದರೆ ಸಾಲದು. ಪಕ್ಕದ ನಾಳಗಳನ್ನು ಅದರಲ್ಲಿ ಎಣಿಸಲಾಗದು. ಸ್ಕ್ಯಾನಿನ ಮೂಲ ಡಿಜಿಟಲ್ ಪ್ರತಿಯಾದ ಡೈಕಾಮ್ ಫೈಲನ್ನೇ ಲಿಂಕ್ ಮೂಲಕ ಕಳಿಸಿ, ಸಿ.ಡಿ.ಯನ್ನು ಮನೆಯವರ ಕೈಗೆ ಕೊಡಿ, ರೋಗಿ ಕೊನೆಯ ಬಾರಿ ಸರಿಯಾಗಿದ್ದ ಸಮಯವನ್ನು ದೊಡ್ಡದಾಗಿ ಬರೆಯಿರಿ.

ನಿಗಾದಲ್ಲಿರುವಾಗಲೇ ಅಂಕ ಏರಿತೆಂದರೆ ಮೊದಲು ಬೆರಳು ಚುಚ್ಚಿ ಸಕ್ಕರೆ, ಬಿ.ಪಿ., ಆಮ್ಲಜನಕ ನೋಡಿ, ಫಿಟ್ಸ್ ಬಂದಿತ್ತೇ ಎಂದು ಕೇಳಿ. ಕೂಡಲೇ ಸಾದಾ ಸಿ.ಟಿ. ಮಾಡಿಸಿ. ರಕ್ತಸ್ರಾವವೂ ಊತವೂ ಇಲ್ಲದಿದ್ದರೆ ಆಂಜಿಯೋಗ್ರಾಮ್ ಮತ್ತೆ ಮಾಡಿಸಿ, ಮೊದಲ ದಿನದ್ದರ ಪಕ್ಕದಲ್ಲಿಟ್ಟು ಹೋಲಿಸಿ: ನಿನ್ನೆ ಕಿರಿದಾಗಿದ್ದದ್ದು ಇಂದು ಮುಚ್ಚಿದ್ದರೆ, 24 ಗಂಟೆಯ ಮಿತಿಯೊಳಗೆ ಥ್ರಾಂಬೆಕ್ಟಮಿಗೆ ಅರ್ಹರೇ ಎಂದು ಆ ನಿಮಿಷವೇ ಕೇಳಬೇಕು.